ಸರ್ಕಾರಿ ಜಾಗದಲ್ಲಿ ಬಿಲ್ಡರ್ ಫ್ಲ್ಯಾಟ್: ಬುಕ್ ಮಾಡುವ ಮುಂಚೆ ಏನೇನು ನೋಡಬೇಕು?

‘ಸರ್ಕಾರದ ಜಾಗ ಸಾರ್, ಹರಾಜಿನಲ್ಲಿ ತಗೊಂಡಿದ್ದು, ಟೈಟಲ್ ಕ್ಲಿಯರ್.’ ಈ ಮಾತು ಕೇಳಿದ ಕೂಡಲೇ ಜನ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಖಾಸಗಿ ಜಾಗವಾದರೆ ಹಳೇ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ವಂಶವೃಕ್ಷ ಕೇಳಿ, ಲಾಯರ್‌ಗೆ ತೋರಿಸುವವರೇ ಇಲ್ಲಿ ಏನೂ ಕೇಳುವುದಿಲ್ಲ. ಜಾಗ ಸರ್ಕಾರದ್ದೇ ಇರಬಹುದು. ಬಿಲ್ಡರ್ ಅದಕ್ಕೆ ಪೂರ್ತಿ ದುಡ್ಡು ಕಟ್ಟಿದ್ದಾನಾ ಅನ್ನುವುದು ಬೇರೆಯೇ ಪ್ರಶ್ನೆ.

ಹೆಜ್ಜೆ 1: ಜಾಗ ಬಿಲ್ಡರ್‌ಗೆ ಹೇಗೆ ಬಂದಿದೆ ಎಂದು ಕೇಳಿ. ಪೂರ್ತಿ ಕ್ರಯವಾ, ಲೀಸಾ, ಇಲ್ಲಾ ಜಾಗ ಸರ್ಕಾರದ ಹೆಸರಲ್ಲೇ ಇದ್ದು ಕಟ್ಟಿ ಮಾರುವ ಹಕ್ಕು ಮಾತ್ರ ಕೊಟ್ಟಿರುವ ಪಿಪಿಪಿ (ಸರ್ಕಾರ-ಖಾಸಗಿ ಪಾಲುದಾರಿಕೆ) ಒಪ್ಪಂದವಾ? ದೆಹಲಿ ಪಕ್ಕದ ನೋಯ್ಡಾದಲ್ಲಿ 90 ವರ್ಷದ ಲೀಸ್ ಮೇಲೆ ಜಾಗ ಕೊಡುತ್ತಾರೆ. ಹಾಗಿದ್ದರೆ ನಿಮಗೆ ಸಿಗುವುದೂ ಲೀಸ್‌ನ ಉಳಿದ ಅವಧಿಯೇ. ಮೂರನೇ ಥರದ್ದಾದರೆ ನಿಮ್ಮ ಕ್ರಯಪತ್ರಕ್ಕೆ ಸರ್ಕಾರದ ಸಂಸ್ಥೆಯೂ ಸಹಿ ಹಾಕುತ್ತದಾ ಎಂದು ಈಗಲೇ ಬರಹದಲ್ಲಿ ಪಡೆಯಿರಿ.

ಹೆಜ್ಜೆ 2: ಯೋಜನೆಯ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಅದರ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ನಂಬರ್ ಇಲ್ಲದ ‘ಪ್ರೀ ಲಾಂಚ್ ಆಫರ್’ ಎಷ್ಟೇ ಅಗ್ಗವಿದ್ದರೂ ಬೇಡ.

ಹೆಜ್ಜೆ 3: ಎಲ್ಲರೂ ಎಡವುವುದು ಇಲ್ಲೇ. ಜಾಗದ ಬಾಕಿ ಹಣ. ನೋಯ್ಡಾ, ಗ್ರೇಟರ್ ನೋಯ್ಡಾಗಳಲ್ಲಿ ಬಿಲ್ಡರ್‌ಗಳು ಜಾಗದ ಬೆಲೆಯ 10 ಪರ್ಸೆಂಟ್ ಕಟ್ಟಿ, ಉಳಿದದ್ದಕ್ಕೆ ವರ್ಷಗಟ್ಟಲೆ ಕಂತು ಪಡೆದು, ಆ ಜಾಗ ತೋರಿಸಿಯೇ ಫ್ಲ್ಯಾಟ್ ಬುಕಿಂಗ್ ಶುರು ಮಾಡಿದರು. ಆಮೇಲೆ ಎಷ್ಟೋ ಬಿಲ್ಡರ್‌ಗಳು ಕಂತು ನಿಲ್ಲಿಸಿದರು. ಬಾಕಿ ತೀರುವವರೆಗೆ ಫ್ಲ್ಯಾಟ್ ನೋಂದಣಿ ಇಲ್ಲ ಎಂದು ಜಾಗ ಕೊಟ್ಟ ಪ್ರಾಧಿಕಾರ ಕೂತಿತು. ಪೂರ್ತಿ ದುಡ್ಡು ಕೊಟ್ಟವರ ಕೈಯಲ್ಲೂ ಮನೆಯ ಪತ್ರ ಇಲ್ಲ. ಆಮ್ರಪಾಲಿ ಎಂಬ ಬಿಲ್ಡರ್ ಕಂಪನಿಯ ಯೋಜನೆಗಳಲ್ಲೇ 40 ಸಾವಿರಕ್ಕೂ ಜಾಸ್ತಿ ಜನ ಸಿಕ್ಕಿಕೊಂಡಿದ್ದರು. 2019ರ ಜುಲೈ 23ರಂದು ಸುಪ್ರೀಂ ಕೋರ್ಟ್ ಉಳಿದ ಕೆಲಸವನ್ನು ಕೇಂದ್ರ ಸರ್ಕಾರದ ನಿರ್ಮಾಣ ಸಂಸ್ಥೆ ಎನ್‌ಬಿಸಿಸಿಗೆ ಒಪ್ಪಿಸಿತು. ಬಾಕಿಗಾಗಿ ಪ್ರಾಧಿಕಾರವಾಗಲಿ ಬ್ಯಾಂಕ್ ಆಗಲಿ ಕೊಂಡವರ ಮನೆಗೆ ಕೈ ಹಾಕುವಂತಿಲ್ಲ ಎಂದೂ ಹೇಳಿತು. ಆದರೆ ಆ ತೀರ್ಪು ಬರುವ ಹೊತ್ತಿಗೆ ಜನ ಬಾಡಿಗೆ, ಇಎಂಐ ಎರಡನ್ನೂ ಕಟ್ಟಿ ಸೋತುಹೋಗಿದ್ದರು.

ಈ ಬಾಕಿ ಇಸಿಯಲ್ಲಿ ಕಾಣುವುದಿಲ್ಲ. ಇಸಿಯಲ್ಲಿ ಬರುವುದು ನೋಂದಣಿಯಾದ ಪತ್ರಗಳು ಮಾತ್ರ, ಕಟ್ಟದೇ ಉಳಿದ ಕಂತು ಅಲ್ಲಿಗೆ ಹೇಗೆ ಬರಬೇಕು? ‘ದೊಡ್ಡ ಬ್ಯಾಂಕ್ ಸಾಲ ಕೊಡ್ತಿದೆ, ಅವರು ನೋಡಿರ್ತಾರೆ ಅಲ್ವಾ’ ಎಂಬ ಧೈರ್ಯವೂ ಬೇಡ. ನೋಯ್ಡಾದಲ್ಲೂ ಬ್ಯಾಂಕ್‌ಗಳು ಸಾಲ ಕೊಟ್ಟಿದ್ದವು. ಬಿಲ್ಡರೇ ಕೊಡುವ ಲೀಗಲ್ ಒಪೀನಿಯನ್ ಫೈಲ್ ಅಂತೂ ಪಕ್ಕಕ್ಕಿಡಿ, ಅದನ್ನು ಬರೆಸಿದವರು ನೀವಲ್ಲ.

ಮಾಡಬೇಕಾದ್ದು ಇಷ್ಟು. ಮೊದಲು ಬಿಲ್ಡರ್ ಹತ್ತಿರ ಹಂಚಿಕೆ ಪತ್ರ, ಕಂತಿನ ರಸೀದಿಗಳು, ಪ್ರಾಧಿಕಾರದ ನೋ ಡ್ಯೂಸ್ (ಬಾಕಿ ಇಲ್ಲ ಎಂಬ) ಸರ್ಟಿಫಿಕೇಟ್ ಕೇಳಿ. ಕೊಟ್ಟರೂ ಕೊಡದಿದ್ದರೂ ಜಾಗ ಕೊಟ್ಟ ಕಚೇರಿಗೆ ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಕಥೆ ಬರೆಯಬೇಡಿ. ಹೀಗೆ ಬರೆದರೆ ಸಾಕು: ‘ಸರ್ವೆ ನಂಬರ್ ಇಂಥದ್ದನ್ನು ಯಾರಿಗೆ, ಯಾವ ಆದೇಶದಲ್ಲಿ, ಎಷ್ಟು ಮೊತ್ತಕ್ಕೆ ನೀಡಲಾಗಿದೆ? ಈವರೆಗೆ ಜಮಾ ಎಷ್ಟು, ಬಾಕಿ ಎಷ್ಟು? ಜಾಗ ಅಡ ಇಡಲು ಅನುಮತಿ ಕೊಡಲಾಗಿದೆಯೇ? ಹಂಚಿಕೆ ಪತ್ರ ಮತ್ತು ಒಪ್ಪಂದದ ಪ್ರತಿ ಕೊಡಿ.’ ಕಾರಣ ಬರೆಯಬೇಕಿಲ್ಲ. ‘ವ್ಯಾಪಾರದ ಗುಟ್ಟು’ ಎಂದು ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಸಾರ್ವಜನಿಕರ ಜಾಗಕ್ಕೆ ಬಂದ ದುಡ್ಡಿನ ಲೆಕ್ಕ ಯಾರ ಗುಟ್ಟೂ ಅಲ್ಲ. ಅಷ್ಟರಲ್ಲಿ ರೇಟ್ ಏರುತ್ತೆ ಎಂದು ಸೇಲ್ಸ್‌ನವರು ದಿನಾ ಫೋನ್ ಮಾಡುತ್ತಾರೆ. ಏರಲಿ ಬಿಡಿ. ಉತ್ತರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೆಜ್ಜೆ 4: ಸರ್ಕಾರಕ್ಕೆ ಆ ಜಾಗ ಎಲ್ಲಿಂದ ಬಂತು? ರೈತರಿಂದ ಭೂಸ್ವಾಧೀನ ಮಾಡಿದ್ದಾದರೆ ಕೋರ್ಟ್ ಕೇಸು ನೋಡಿ. ಹೈದರಾಬಾದ್‌ನ ಮಣಿಕೊಂಡದಲ್ಲಿ ಸರ್ಕಾರ ಕೊಟ್ಟ ಜಾಗದ ಮೇಲೂ ವಕ್ಫ್ ಬೋರ್ಡ್ ಹಕ್ಕು ಕೇಳಿತ್ತು. 1,654 ಎಕರೆಯ ಆ ವ್ಯಾಜ್ಯದಲ್ಲಿ ಜಾಗ ಸರ್ಕಾರದ್ದೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಅಲ್ಲಿ ಮೊದಲು ಯಾರು ವಾಸವಿದ್ದರು ಎಂದೂ ವಿಚಾರಿಸಿ. ಬೆಂಗಳೂರಿನ ಈಜೀಪುರದಲ್ಲಿ ಪಿಪಿಪಿ ಯೋಜನೆಗೆಂದು 2013ರ ಜನವರಿಯಲ್ಲಿ ಬಡವರ ಕ್ವಾರ್ಟರ್ಸ್ ಜಾಗ ತೆರವು ಮಾಡಿ ನೂರಾರು ಕುಟುಂಬಗಳನ್ನು ಬೀದಿಗೆ ತಂದರು. ಇಂಥ ಕಡೆ ಅವರ ಮನೆ ಮೊದಲು ಏಳಬೇಕು, ಆಮೇಲೆ ನಿಮ್ಮದು. ಅದು ನ್ಯಾಯವೂ ಹೌದು, ನಿಮ್ಮ ದುಡ್ಡಿಗೆ ಕ್ಷೇಮವೂ ಹೌದು.

ಹೆಜ್ಜೆ 5: ಎಲ್ಲಾ ಸರಿ ಇದ್ದರೆ ಅಗ್ರಿಮೆಂಟ್. ಅದು ನೋಂದಣಿ ಆಗುವ ಮುಂಚೆ 10 ಪರ್ಸೆಂಟ್‌ಗಿಂತ ಜಾಸ್ತಿ ಕೇಳುವಂತಿಲ್ಲ, ರೇರಾ ಕಾನೂನೇ ಹೇಳುತ್ತದೆ. ‘ಪೊಸೆಶನ್‌ವರೆಗೆ ಇಎಂಐ ಇಲ್ಲ’ ಸ್ಕೀಮ್‌ಗೆ ಸಹಿ ಹಾಕಬೇಡಿ. ಅದರಲ್ಲಿ ಸಾಲ ನಿಮ್ಮ ಹೆಸರಲ್ಲಿ, ಅಲ್ಲಿಯವರೆಗೆ ಕಟ್ಟುವುದು ಮಾತ್ರ ಬಿಲ್ಡರ್. ಬಿಲ್ಡರ್ ಕಟ್ಟುವುದು ನಿಲ್ಲಿಸಿದ ದಿನ ಬ್ಯಾಂಕ್ ಹುಡುಕಿಕೊಂಡು ಬರುವುದು ನಿಮ್ಮನ್ನೇ. ಜಾಗದ ಬಾಕಿ ಎಂದಾದರೂ ಎದ್ದರೆ ಬಿಲ್ಡರೇ ತೀರಿಸಬೇಕು, ಕೊನೆಯ ಕಂತು ನೋ ಡ್ಯೂಸ್ ಸರ್ಟಿಫಿಕೇಟ್ ಮತ್ತು ಒಸಿ (ವಾಸಯೋಗ್ಯ ಪ್ರಮಾಣಪತ್ರ) ಎರಡೂ ಕೈಗೆ ಬಂದ ಮೇಲೆಯೇ ಎಂದು ಎರಡು ಸಾಲು ಸೇರಿಸಲು ಕೇಳಿ. ಒಪ್ಪದಿದ್ದರೆ ಬೇರೆ ಫ್ಲ್ಯಾಟ್ ನೋಡಿ.