10.86

ಸರಳ ಲೋಲಕದ ಪ್ರಯೋಗ, ಮೊದಲ ವರ್ಷದ ಬ್ಯಾಚು. ಹುಡುಗಿಯೊಬ್ಬಳು ರೆಕಾರ್ಡ್ ತಂದು ಮುಂದಿಟ್ಟಳು. ಗುರುತ್ವ ವೇಗೋತ್ಕರ್ಷ 9.79 ಎಂದು ಬರೆದಿದ್ದಳು, ಪುಸ್ತಕದ 9.8ಕ್ಕೆ ತೀರ ಹತ್ತಿರ. ಆದರೆ ಆ ಅಂಕಿಯ ಕೆಳಗೆ ಕಾಗದ ರಬ್ಬರಿಗೆ ಸಿಕ್ಕಿ ತೆಳ್ಳಗಾಗಿತ್ತು.

"ಇಲ್ಲಿ ಮೊದಲು ಏನು ಬರೆದಿದ್ದೆ?"

ಮಾತಿಲ್ಲ.

"ಬೈಯಲ್ಲ, ಹೇಳಮ್ಮ."

"10.86 ಬಂತು ಸರ್. ತಪ್ಪಾಗಿತ್ತು, ಅದಕ್ಕೇ..."

ಕೆಲಸಕ್ಕೆ ಸೇರಿದ ಹೊಸದರಲ್ಲಾಗಿದ್ದರೆ "ಹೋಗಿ ಮತ್ತೆ ರೀಡಿಂಗ್ ತಗೋ" ಎಂದು ಕಳಿಸಿಬಿಡುತ್ತಿದ್ದೆ. ಅಂದು ಯಾಕೋ ಎದ್ದು ಅವಳ ಟೇಬಲ್ಲಿಗೆ ಹೋದೆ. "ನೀನು ಮಾಡು, ನಾನು ನೋಡ್ತೀನಿ" ಎಂದೆ.

ಲೋಲಕದ ಉದ್ದ ಸರಿಯಾಗಿ ಒಂದು ಮೀಟರ್. ಗುಂಡನ್ನು ಸ್ವಲ್ಪವೇ ಪಕ್ಕಕ್ಕೆಳೆದು ಬಿಟ್ಟಳು. ಹೋಗಿ ಬಂದ ಗುಂಡು ತುದಿ ಮುಟ್ಟಿದಾಗ ಸ್ಟಾಪ್‌ವಾಚ್ ಒತ್ತಿ "ಒಂದು" ಎಂದಳು. "ಇಪ್ಪತ್ತು" ಎನ್ನುತ್ತ ನಿಲ್ಲಿಸಿದಳು. 38.1 ಸೆಕೆಂಡ್. ನನಗೆ ಅಲ್ಲೇ ಗೊತ್ತಾಯಿತು. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಈ ಕೆಲಸದಲ್ಲಿ ನನಗೆ ಅತಿ ಕಷ್ಟದ್ದು ಇದೇ.

"ಒಂದು ಮೀಟರ್ ಲೋಲಕ ಒಂದು ಸಲ ಹೋಗಿ ಬರೋಕೆ ಸೂತ್ರದ ಪ್ರಕಾರ ಎಷ್ಟು ಹೊತ್ತು?"

"ಹತ್ತಿರ ಹತ್ತಿರ ಎರಡು ಸೆಕೆಂಡ್ ಸರ್."

"ಇಪ್ಪತ್ತು ಸಲಕ್ಕೆ?"

"ನಲವತ್ತು." ಸ್ಟಾಪ್‌ವಾಚ್ ನೋಡಿದಳು. ಮತ್ತೆ ನೋಡಿದಳು. ಬೆರಳು ಮಡಚುತ್ತ ಏನೋ ಎಣಿಸಿದಳು. "ಅಯ್ಯೋ ಸರ್, ಆಗಿದ್ದು ಹತ್ತೊಂಬತ್ತೇ! ವಾಚ್ ಒತ್ತಿದಾಗ ಸೊನ್ನೆ ಅನ್ಬೇಕಿತ್ತು."

ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಅವಧಿಯ ವರ್ಗ ಛೇದದಲ್ಲಿರುವುದರಿಂದ ಇಪ್ಪತ್ತನ್ನು ಹತ್ತೊಂಬತ್ತರಿಂದ ಭಾಗಿಸಿ ವರ್ಗ ಮಾಡಲು ಹೇಳಿದೆ. 1.108 ಬಂತು. ಅದನ್ನು 9.8ರಿಂದ ಗುಣಿಸಿದರೆ 10.86. ಲೋಲಕ ಸುಳ್ಳು ಹೇಳಿರಲಿಲ್ಲ. ಅವಳ ಮುಖ ನೋಡಬೇಕಿತ್ತು! 9.79 ಬರೆದಾಗ ಆ ಕಳೆ ಇರಲಿಲ್ಲ.

ಮಾರನೇ ವಾರದಿಂದಲೇ ನನ್ನ ಲ್ಯಾಬಿನಲ್ಲಿ ರಬ್ಬರ್ ಬಂದ್. ತಪ್ಪಿದ ರೀಡಿಂಗ್ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಕಾರಣ. ಕಾರಣ ಹಿಡಿದವರಿಗೆ ಅಂಕ. ಎಲ್ಲರಿಗೂ ಇದು ಹಿಡಿಸಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ರೆಕಾರ್ಡ್ ಗಲೀಜಾಗಿದೆ ಎಂದು ಅಂಕ ಕಡಿದರು. ಮಕ್ಕಳು ನನ್ನ ಮೇಲೆ ಮುನಿಸಿಕೊಂಡದ್ದರಲ್ಲಿ ನ್ಯಾಯವಿತ್ತು. ಆಮೇಲೆ ರಫ್ ಪುಸ್ತಕವೊಂದನ್ನು ಬೇರೆಯೇ ಇಡಿಸಿದೆ. ನಾನು ನೋಡುವುದು ಅದನ್ನೇ.

ತರಗತಿಯಲ್ಲೂ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತೆ. ಇದಕ್ಕೆ ದಾರಿ ತೋರಿದ್ದು ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಬಳಕೆಗೆ ತಂದ ಪದ್ಧತಿ: ಪ್ರಶ್ನೆ ಕೇಳು, ಒಬ್ಬೊಬ್ಬರೂ ಉತ್ತರ ಆರಿಸಲಿ, ಪಕ್ಕದವರ ಜೊತೆ ವಾದಿಸಲಿ, ಮತ್ತೆ ಆರಿಸಲಿ. ನೇರ ಮೇಲಕ್ಕೆಸೆದ ಚೆಂಡು ತುತ್ತತುದಿಯಲ್ಲಿದ್ದಾಗ ಅದರ ವೇಗೋತ್ಕರ್ಷ ಎಷ್ಟು ಎಂದು ಕೇಳುತ್ತೇನೆ. ಪ್ರತಿ ವರ್ಷವೂ "ಸೊನ್ನೆ" ಎನ್ನುವ ಕೈಗಳು ಧಾರಾಳವಾಗಿ ಏಳುತ್ತವೆ. ನಾನು ಬೋರ್ಡಿಗೆ ಬೆನ್ನು ಕೊಟ್ಟು ನಿಂತಿರುತ್ತೇನೆ. ಒಮ್ಮೆ ಹಿಂದಿನ ಬೆಂಚಿನಿಂದ ಕೇಳಿಸಿತು: "ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಅಂದ್ರೆ ಚೆಂಡು ಅಲ್ಲೇ ನೇತಾಡ್ಬೇಕಲ್ವೇನೋ?" ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿಲ್ಲ. ಹೀಗೆ ಮಾಡಿದರೆ ಪಾಠ ನಿಧಾನವಾಗುತ್ತದೆ, ನಿಜ. ಕೊನೆಯ ಅಧ್ಯಾಯಗಳನ್ನು ಓಡಿಸಬೇಕಾಗುತ್ತದೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಸಂಶೋಧನಾ ವಿದ್ಯಾರ್ಥಿಗಳ ವಿಷಯದಲ್ಲಿ ನಾನು ಬುದ್ಧಿ ಕಲಿತದ್ದು ತಡವಾಗಿ. ನನ್ನ ಮೊದಲ ವಿದ್ಯಾರ್ಥಿ ಆರು ವಾರ ತಿಣುಕಿ ಬರೆದ ಕರಡನ್ನು ಒಂದೇ ರಾತ್ರಿ ಕೂತು ಪೂರ್ತಿ ತಿರುಗಿಸಿ ಬರೆದುಕೊಟ್ಟೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಪ್ರಬಂಧ ಅಚ್ಚಾಯಿತು. ಎರಡನೆಯದಕ್ಕೆ ಅವನು ನಾಲ್ಕು ಸಾಲು ಗೀಚಿ "ಮಿಕ್ಕಿದ್ದು ನೀವೇ ನೋಡಿ ಸರ್" ಎಂದು ತಂದುಕೊಟ್ಟ. ತಪ್ಪು ಅವನದಲ್ಲ. ಈಗ ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆಯುತ್ತೇನೆ. ವಾರದ ಭೇಟಿಯಲ್ಲಿ ಮೊದಲು ಮಾತಾಡುವವರು ಅವರು, ಅದೂ ಆ ವಾರ ಕೈಕೊಟ್ಟದ್ದರಿಂದಲೇ ಶುರು.

ಹೋದ ವರ್ಷ ಒಬ್ಬ ಎಕ್ಸ್-ರೇ ವಿವರ್ತನೆಯ ನಕ್ಷೆ ತಂದ; ಸ್ಯಾಂಪಲ್ ಮೇಲೆ ಬಿಟ್ಟ ಎಕ್ಸ್-ರೇ ಯಾವ ಯಾವ ಕೋನದಲ್ಲಿ ಜೋರಾಗಿ ಹೊರಬರುತ್ತದೆ ಎಂದು ತೋರಿಸುವ ನಕ್ಷೆ ಅದು. 38.5 ಡಿಗ್ರಿಯ ಹತ್ತಿರ ಲೆಕ್ಕಕ್ಕೆ ಸಿಗದ ಶಿಖರವೊಂದು ಎದ್ದಿತ್ತು. "ಸ್ಯಾಂಪಲ್ ಶುದ್ಧವಾಗಿಲ್ಲ, ಮತ್ತೆ ತಯಾರಿಸು" ಎಂದುಬಿಟ್ಟೆ. ಹಳೇ ಚಾಳಿ. ಅವನು ತಲೆಯಾಡಿಸಿ ಹೋದ. ಎರಡು ದಿನ ಬಿಟ್ಟು ಬಂದ.

"ಸರ್, ಸ್ಯಾಂಪಲ್ ಇಲ್ಲದೆ ಖಾಲಿ ಹೋಲ್ಡರನ್ನೇ ಇಟ್ಟು ನೋಡಿದೆ. ಆಗಲೂ ಶಿಖರ ಅಲ್ಲೇ ಇದೆ."

ಹೋಲ್ಡರ್ ಅಲ್ಯುಮಿನಿಯಮ್‌ನದು, ಆ ಶಿಖರ ಅದರದೇ. ಸ್ಯಾಂಪಲ್ ತೆಳುವಾಗಿ ಹರಡಿದ್ದರಿಂದ ಕಿರಣ ಕೆಳಗಿನ ಲೋಹಕ್ಕೂ ತಾಗಿತ್ತು. ಅವನ ರಫ್ ಪುಸ್ತಕ ತಿರುವಿ ನೋಡಿದೆ. "ಸ್ಯಾಂಪಲ್ ಅಶುದ್ಧ – ಸರ್" ಎಂಬ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದಿದ್ದ.