ಹೊಸ ಟಿವಿಗೆ ಹಳೇ ಆಂಪ್ಲಿಫೈಯರ್ ಜೋಡಿಸುವುದು ಹೇಗೆ?

ಹೊಸ ಟಿವಿ ಹಿಂದೆ ನೋಡಿದರೆ ಆಪ್ಟಿಕಲ್ ಔಟ್ ಮಾತ್ರ ಇದೆ, ಹಳೇ ಹೋಮ್ ಥಿಯೇಟರ್ ಆಂಪ್ಲಿಫೈಯರ್‌ನಲ್ಲಿ ಇರೋದು ಕೋಆಕ್ಸಿಯಲ್ ಇನ್. ಇಷ್ಟಕ್ಕೇ ಒಳ್ಳೆಯ ಆಂಪ್ಲಿಫೈಯರನ್ನು ಗುಜರಿಗೆ ಹಾಕಬೇಡಿ. ಎರಡರಲ್ಲೂ ಹೋಗುವುದು ಒಂದೇ ಡಿಜಿಟಲ್ ಆಡಿಯೊ ಸಿಗ್ನಲ್, ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಎಸ್‌ಪಿಡಿಐಎಫ್. ಆಪ್ಟಿಕಲ್‌ನಲ್ಲಿ ಅದು ಕೆಂಪು ಬೆಳಕಾಗಿ ಹೋಗುತ್ತದೆ, ಕೋಆಕ್ಸಿಯಲ್‌ನಲ್ಲಿ ತಾಮ್ರದ ತಂತಿಯೊಳಗೆ ವಿದ್ಯುತ್ತಾಗಿ, ಅಷ್ಟೇ ವ್ಯತ್ಯಾಸ. ನಡುವೆ ಬೆಂಕಿಪೊಟ್ಟಣದಂಥ ಒಂದು ಕನ್ವರ್ಟರ್ ಇಟ್ಟರೆ ಸಾಕು.

ಆದರೆ ಕೊಳ್ಳುವಾಗ ಹುಷಾರು. ಕೆಂಪು, ಬಿಳಿ ಎರಡು ಪಿನ್ ಕೂರುವ ಡಬ್ಬಿಯನ್ನೇ ಅಂಗಡಿಯವರು ಕೊಟ್ಟುಬಿಡಬಹುದು. ಅದು ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಡ್ಯಾಕ್. ಅದನ್ನು ಹಾಕಿದರೆ 5.1, ಅಂದರೆ ಸುತ್ತಲಿನ ಸ್ಪೀಕರ್‌ಗಳಿಂದ ಬರುವ ಸರೌಂಡ್ ಸೌಂಡ್, ಸಿಗುವುದಿಲ್ಲ, ಸ್ಟೀರಿಯೊ ಮಾತ್ರ. ಇನ್ನೊಂದು, ದಿಕ್ಕು ನೋಡಿ. ಡಬ್ಬಿಯ ಮೇಲೆ ಆಪ್ಟಿಕಲ್ ಇನ್, ಕೋಆಕ್ಸಿಯಲ್ ಔಟ್ ಅಂತಲೇ ಇರಬೇಕು. ಕೋಆಕ್ಸಿಯಲ್‌ನಿಂದ ಆಪ್ಟಿಕಲ್‌ಗೆ ಮಾಡುವವೂ ನೋಡೋಕೆ ಹೀಗೇ ಇರುತ್ತವೆ. ಎರಡೂ ಕಡೆ ಕೆಲಸ ಮಾಡುವಂಥದ್ದಾದರೆ ಅದರ ಸ್ವಿಚ್ ಸರಿಯಾದ ಕಡೆಗಿರಲಿ.

ಈಗ ಜೋಡಣೆ. ಆಪ್ಟಿಕಲ್ ಕೇಬಲ್‌ನ ಎರಡೂ ತುದಿಯಲ್ಲಿ ಪುಟ್ಟ ಪಾರದರ್ಶಕ ಮುಚ್ಚಳ ಇರುತ್ತದೆ, ಮೊದಲು ಅದನ್ನು ಕೀಳಿ. ಕೇಬಲನ್ನು ಟಿವಿಗೆ ಸಿಕ್ಕಿಸಿ, ಟಿವಿ ಆನ್ ಮಾಡಿದರೆ ಇನ್ನೊಂದು ತುದಿಯಲ್ಲಿ ಸಣ್ಣಗೆ ಕೆಂಪು ಬೆಳಕು ಕಾಣಬೇಕು. ಕಂಡರೆ ಆ ತುದಿಯನ್ನು ಕನ್ವರ್ಟರ್‌ಗೆ ಟಕ್ ಅನ್ನುವವರೆಗೆ ಒತ್ತಿ. ಕಾಣದಿದ್ದರೆ ತೊಂದರೆ ಟಿವಿಯ ಸೆಟ್ಟಿಂಗ್ಸ್‌ನಲ್ಲೋ ಕೇಬಲ್‌ನಲ್ಲೋ ಇದೆ, ಕನ್ವರ್ಟರನ್ನು ಸುಮ್ನೆ ದೂರಬೇಡಿ. ಈ ಕೇಬಲನ್ನು ಗೋಡೆ ಮೂಲೆಯಲ್ಲಿ ಚೂಪಾಗಿ ಮಡಚಲೂಬೇಡಿ, ಒಳಗಿನ ಎಳೆ ಹಾಳಾಗುತ್ತದೆ.

ಕನ್ವರ್ಟರ್‌ನಿಂದ ಆಂಪ್ಲಿಫೈಯರ್‌ಗೆ 75 ಓಮ್‌ನ ಕೋಆಕ್ಸಿಯಲ್ ಕೇಬಲ್ ಬೇಕು. ಮನೆಯಲ್ಲಿ ಹಳೇ ಡಿವಿಡಿ ಪ್ಲೇಯರ್‌ನ ಹಳದಿ ವಿಡಿಯೊ ಕೇಬಲ್ ಬಿದ್ದಿದ್ದರೆ ಅದನ್ನೇ ಹಾಕಿ ನೋಡಿ, ಸಾಮಾನ್ಯವಾಗಿ ನಡೆಯುತ್ತದೆ. ಕನ್ವರ್ಟರ್‌ಗೆ ಕರೆಂಟ್ ಕೂಡ ಬೇಕು, ಹೆಚ್ಚಿನವಕ್ಕೆ 5 ವೋಲ್ಟ್.

ಆಮೇಲೆ ಆಂಪ್ಲಿಫೈಯರ್‌ನಲ್ಲಿ ಕೋಆಕ್ಸಿಯಲ್ ಇನ್‌ಪುಟ್ ಆರಿಸಿ. ಟಿವಿಯ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಔಟ್‌ಪುಟನ್ನು ಆಪ್ಟಿಕಲ್ ಮಾಡಿ, ಫಾರ್ಮ್ಯಾಟ್ ಮೊದಲು ಪಿಸಿಎಂ (ಸಂಕುಚಿಸದ ಸಾದಾ ಡಿಜಿಟಲ್ ಆಡಿಯೊ) ಇರಲಿ. ಸ್ಟೀರಿಯೊ ಸರಿಯಾಗಿ ಬಂತಾ? ಹಾಗಾದರೆ ಜೋಡಣೆ ಸರಿ ಇದೆ ಅಂತ ಅರ್ಥ, ಇನ್ನು 5.1 ಸದ್ದಿಗಾಗಿ ಡಾಲ್ಬಿ ಡಿಜಿಟಲ್‌ಗೆ ಬದಲಾಯಿಸಿ. ಆಗ ಚರಚರ ಸದ್ದು ಬಂದರೆ ಅಥವಾ ಏನೂ ಕೇಳದಿದ್ದರೆ ನಿಮ್ಮ ಆಂಪ್ಲಿಫೈಯರ್‌ಗೆ ಡಾಲ್ಬಿ ಅರ್ಥವಾಗುತ್ತಿಲ್ಲ, ಪಿಸಿಎಂಗೇ ವಾಪಸ್ ಬನ್ನಿ. ಡಾಲ್ಬಿಯ ಇನ್ನೂ ಮೇಲಿನ ಗುಣಮಟ್ಟದ ಫಾರ್ಮ್ಯಾಟ್ ಟ್ರೂಎಚ್‌ಡಿ ಈ ದಾರಿಯಲ್ಲಿ ಬರುವುದೇ ಇಲ್ಲ, ಕನ್ವರ್ಟರ್ ಎಷ್ಟೇ ದುಬಾರಿಯದಾದರೂ ಅಷ್ಟೇ, ಅದಕ್ಕೆ ಎಚ್‌ಡಿಎಂಐ ಬೇಕು.

ಹೆಚ್ಚಿನ ಟಿವಿಗಳಲ್ಲಿ ಆಪ್ಟಿಕಲ್‌ನ ವಾಲ್ಯೂಮ್ ಟಿವಿ ರಿಮೋಟ್‌ಗೆ ಬಗ್ಗುವುದಿಲ್ಲ, ಆಂಪ್ಲಿಫೈಯರ್ ರಿಮೋಟನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.