ಹೋಂಸ್ಟೇ ಲೆಕ್ಕ ನಾನು ಇಡೋದು ಹೀಗೆ

ಮಡಿಕೇರಿ ಹತ್ತಿರ ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ಹೊಸದಾಗಿ ಶುರು ಮಾಡುವವರು ಫೋನ್ ಮಾಡಿದರೆ ಮೊದಲು ಕೇಳೋದು, ಡಿಸೆಂಬರ್‌ನಲ್ಲಿ ಎಷ್ಟು ಸಿಗುತ್ತೆ ಅಂತ. ನಾನು ಮಳೆಗೆ ರೂಮು ಖಾಲಿ ಬೀಳುವ ಜುಲೈ ಲೆಕ್ಕ ಹೇಳುತ್ತೇನೆ. ಕ್ರಿಸ್‌ಮಸ್ ರಜೆಯಲ್ಲಿ ಯಾರ ರೂಮೂ ಖಾಲಿ ಇರಲ್ಲ, ಅದನ್ನು ನೋಡಿ ಸಾಲ ಮಾಡಬಾರದು.

ಅದಕ್ಕೇ ನಾನು ಲೆಕ್ಕ ಹಾಕೋದು ಒಂದು ತಿಂಗಳಿಗಲ್ಲ, ಇಡೀ ವರ್ಷಕ್ಕೆ. ನಾಲ್ಕು ರೂಮು, 365 ರಾತ್ರಿ, ಅಂದರೆ ಮಾರೋಕೆ ಇರೋದು 1,460 ರಾತ್ರಿ. ರೂಮಿಗೆ 3,000 ರೂಪಾಯಿ ಅಂತಿಟ್ಟುಕೊಳ್ಳಿ. ಆನ್‌ಲೈನ್ ಬುಕಿಂಗ್ ಆದರೆ ಶೇ 20 ಕಮಿಷನ್, 600 ಹೋಯಿತು. ತಿಂಡಿ, ಕಾಫಿ, ಗೀಸರ್ ಕರೆಂಟು, ಬಟ್ಟೆ ಒಗೆಯೋದು ಸೇರಿ 500. ಕೈಗೆ ಉಳಿಯೋದು 1,900. ಗೆಸ್ಟ್ ಬರಲಿ ಬಿಡಲಿ ಕಟ್ಟಲೇಬೇಕಾದ್ದು ಬೇರೆ ಇದೆ: ಇಬ್ಬರ ಸಂಬಳ ತಿಂಗಳಿಗೆ 30,000, ವರ್ಷಕ್ಕೆ 3.6 ಲಕ್ಷ. ಪೇಂಟು, ರಿಪೇರಿ, ಇಂಟರ್ನೆಟ್ಟು, ಜನರೇಟರ್ ಡೀಸೆಲ್ ಅಂತ 1.8 ಲಕ್ಷ. ಒಟ್ಟು 5.4 ಲಕ್ಷ. ಅಷ್ಟು ಹುಟ್ಟಬೇಕಾದರೆ 285 ರಾತ್ರಿ ತುಂಬಬೇಕು.

ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ತಟ್ಟುವ ಮನೆಯವರಿಗೆ ಸಂಬಳ ಬೇಡ್ವಾ? ತಿಂಗಳಿಗೆ 20,000 ಅಂತ ಅದನ್ನೂ ನಾನು ಖರ್ಚಿಗೇ ಬರೆಯುತ್ತೇನೆ. ಆಗ 411 ರಾತ್ರಿ ಬೇಕು. ಅದರ ಮೇಲೆ ಬಂದದ್ದೇ ಲಾಭ.

ಮಳೆಗಾಲದಲ್ಲಿ ಖರ್ಚೂ ಏರುತ್ತದೆ. ಬೆಡ್‌ಶೀಟು ದಿನಗಟ್ಟಲೆ ಒಣಗಲ್ಲ. ಒಲೆ ಹತ್ತಿರ ಹಾಕಿದರೆ ಹೊಗೆ ವಾಸನೆ, ಒಳಗೆ ಹರವಿದರೆ ಮುಗ್ಗಲು ವಾಸನೆ, ಗೆಸ್ಟ್‌ಗೆ ಎರಡೂ ಆಗಲ್ಲ. ಅದಕ್ಕೇ ಹಾಸಿಗೆಗೆ ನಾಲ್ಕು ಜೊತೆ ಇಟ್ಟಿದ್ದೇನೆ, ಜೂನ್‌ನಿಂದ ಪೇಟೆಯ ಲಾಂಡ್ರಿಗೇ ಕೊಡುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರು ಬರದಂತೆ ಜಿಲ್ಲಾಡಳಿತವೇ ತಡೆದಿತ್ತು, 2020ರಲ್ಲಿ ಲಾಕ್‌ಡೌನ್. ಹಾಗಾಗಿ ಮೂರು ತಿಂಗಳ ಸಂಬಳದಷ್ಟು ದುಡ್ಡು ಬೇರೆ ಖಾತೆಯಲ್ಲಿ ಇರಲೇಬೇಕು, ಸೀಸನ್ ದುಡ್ಡು ಬಂದ ಕೂಡಲೇ ಮೊದಲು ಅಲ್ಲಿಗೆ ಹಾಕುತ್ತೇನೆ.

ಮಳೆ ಬಂತು ಅಂತ ಕೆಲಸದವರನ್ನು ಮನೆಗೆ ಕಳಿಸುವುದು ಈ ಕಡೆ ಮಾಮೂಲು. ನನಗೆ ಅದು ಸರಿ ಕಾಣಲ್ಲ. ಅಡುಗೆ ಅಕ್ಕನಿಗೆ ಜುಲೈನಲ್ಲೂ ಮಕ್ಕಳ ಫೀಸು ಕಟ್ಟೋದು ಇರುತ್ತೆ ಅಲ್ವಾ? ಅಲ್ಲದೆ ಡಿಸೆಂಬರ್‌ನಿಂದ ಕಾಫಿ ಕೊಯ್ಲು, ತೋಟಗಳೂ ಆಳು ಹುಡುಕುತ್ತವೆ. ನಮಗೆ ಜನ ಬೇಕಾದಾಗಲೇ ಅವರಿಗೂ ಬೇಕು. ಹನ್ನೆರಡು ತಿಂಗಳೂ ಸಂಬಳ ಕೊಟ್ಟರೆ ಈ ಪರದಾಟ ಇಲ್ಲ. ಪಿಎಫ್ ಕಡ್ಡಾಯ ಆಗೋದು 20 ಜನ ಇದ್ದರೆ, ಇಎಸ್‌ಐ ಅನ್ನೋ ಆರೋಗ್ಯ ವಿಮೆ 10 ಜನ ಇದ್ದರೆ. ನಮ್ಮಂಥ ಸಣ್ಣ ಜಾಗಗಳಲ್ಲಿ ದುಡಿಯುವವರು ಎರಡರಿಂದಲೂ ಹೊರಗೇ ಉಳಿಯುತ್ತಾರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಅಂಗವೈಕಲ್ಯ ಆದರೆ 2 ಲಕ್ಷದವರೆಗೆ ಸಿಗುತ್ತದೆ. ಇಬ್ಬರಿಗೂ ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸಿದ್ದೇನೆ, ಆ ದುಡ್ಡು ನಾನೇ ಕೊಡುತ್ತೇನೆ.

ಕಮಿಷನ್ ಉಳಿಸೋಕೆ ಒಂದೇ ದಾರಿ ನನಗೆ ಗೊತ್ತಿರೋದು: ಒಮ್ಮೆ ಬಂದವರು ಮತ್ತೆ ನೇರ ಫೋನ್ ಮಾಡುವ ಹಾಗೆ ನೋಡಿಕೊಳ್ಳೋದು. ಅವರಿಗೆ 300 ಕಡಿಮೆ ಮಾಡಿದರೂ ನಮಗೆ 300 ಜಾಸ್ತಿ ಉಳಿಯುತ್ತದೆ.